ಒಂದೇ ಕಡೆಯಿಂದ ಎಳೆದ ಗೆರೆ

ನಿನ್ನ ಸಂಶೋಧನೆ ಏನಮ್ಮ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಬೆವರುತ್ತದೆ. ನಂಜನಗೂಡಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಗಣಿತ ಪಾಠ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ಜನರನ್ನು ಚುಕ್ಕೆ ಮಾಡಿ, ಅವರ ನಂಟನ್ನು ಗೆರೆ ಮಾಡಿ, ಆ ಚುಕ್ಕೆಗಳು ಹೇಗೆ ಗುಂಪುಗುಂಪಾಗುತ್ತವೆ ಎಂದು ನೋಡುತ್ತೇನೆ. ಗುಂಪು ನಿಜವೋ ಸುಳ್ಳೋ ಎಂದು ಅಳೆಯುವ ಸಂಖ್ಯೆಗೆ ಮಾಡ್ಯುಲಾರಿಟಿ ಎಂದು ಹೆಸರು. ಅದೇ ಚುಕ್ಕೆಗಳನ್ನು ಕಣ್ಣು ಮುಚ್ಚಿಕೊಂಡು ಜೋಡಿಸಿದ್ದರೆ ಗುಂಪಿನೊಳಗೆ ಎಷ್ಟು ಗೆರೆ ಬೀಳುತ್ತಿತ್ತು, ಈಗ ಎಷ್ಟು ಬಿದ್ದಿದೆ ಎಂಬ ಲೆಕ್ಕ ಅದು. ಬಹಳ ಹೆಚ್ಚು ಬಿದ್ದಿದ್ದರೆ ಗುಂಪು ಗಟ್ಟಿ. ಇಲ್ಲದಿದ್ದರೆ ನಾವೇ ಸುಮ್ಮನೆ ಗುಂಪು ಕಟ್ಟಿದ್ದೇವೆ ಎಂದರ್ಥ.

ಇದೆಲ್ಲ ಕಂಪ್ಯೂಟರಿನೊಳಗೇ ಇದ್ದಿದ್ದರೆ ನನ್ನ ಪಾಡಿಗೆ ನಾನು ಇರುತ್ತಿದ್ದೆ. ನಮ್ಮಕ್ಕನನ್ನು ಕೊಟ್ಟಿರುವುದು ಟಿ. ನರಸೀಪುರದ ಕಡೆಯ ಒಂದು ಹಳ್ಳಿಗೆ. ಅವಳು ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮಾಡುತ್ತಾಳೆ. ಆ ಊರಿನ ಹೆಂಗಸರು ತುಂಬ ಜನ ವ್ಯಾನಿನಲ್ಲಿ ಅಲ್ಲಿಗೇ ಹೋಗುತ್ತಾರೆ. ಎರಡು ತಂಡ, ಬೆಳಗಿನ ಶಿಫ್ಟು, ಮಧ್ಯಾಹ್ನದ ಶಿಫ್ಟು, ವಾರಕ್ಕೊಮ್ಮೆ ಅದಲುಬದಲು. ಕಷ್ಟಸುಖಕ್ಕೆ ಒಬ್ಬರಿಗೊಬ್ಬರು ಆಗುವವರನ್ನು ಒಂದೇ ತಂಡಕ್ಕೆ ಹಾಕಿದರೆ ಹೇಳದೆ ಕೇಳದೆ ರಜೆ ಹಾಕುವುದು ಕಡಿಮೆಯಾಗುತ್ತದೆ ಎಂದು ಅಲ್ಲಿನ ಸೂಪರ್‌ವೈಸರಿಗೆ ಹೊಳೆದಿತ್ತು. ಅಕ್ಕ ಅದನ್ನು ನನಗೆ ಹೇಳಿದಳು, ನಾನು ಮೈಸೂರಿನಲ್ಲಿರುವ ನನ್ನ ಗೈಡಿಗೆ ಹೇಳಿದೆ, ಅವರು ಕುಣಿದಾಡಿಬಿಟ್ಟರು. ತಂಡ ಮಾಡಿಕೊಡುವ ಕೆಲಸವನ್ನು ನಾನೇ ಕೇಳಿ ಇಸಿದುಕೊಂಡೆ. ಬೇಡದ ಉಸಾಬರಿಯನ್ನು ಮೈಮೇಲೆ ಎಳೆದುಕೊಳ್ಳುವುದು ನನ್ನ ಹುಟ್ಟುಗುಣ.

ಭಾನುವಾರಗಳಲ್ಲಿ ಹೋಗಿ, ಅಕ್ಕನ ಮನೆಯಿರುವ ಮೇಲಿನ ಕೇರಿ, ಕೆಳಗಿನ ಕೇರಿ ಎರಡರಲ್ಲೂ ಕೂತು, ಒಬ್ಬೊಬ್ಬರನ್ನೂ ಒಂದೇ ಪ್ರಶ್ನೆ ಕೇಳಿದೆ: ಕಷ್ಟ ಅಂತ ಬಂದರೆ ಫ್ಯಾಕ್ಟರಿಯವರಲ್ಲಿ ಯಾರನ್ನು ಕರೆಯುತ್ತೀರಿ? ಇಬ್ಬರೂ ಒಬ್ಬರನ್ನೊಬ್ಬರು ಹೇಳಿದ್ದರೆ ಮಾತ್ರ ಗೆರೆ ಎಳೆದೆ. ಒಬ್ಬರು ಹೇಳಿ ಇನ್ನೊಬ್ಬರು ಹೇಳದಿದ್ದರೆ ಅದು ಬರೀ ಬಾಯಿಮಾತು ಎಂದು ನನ್ನ ಎಣಿಕೆ.

ಎರಡು ಕೇರಿ, ಎರಡು ಗುಂಪು. ನಡುವೆ ಒಂದು ಗೆರೆಯೂ ಇಲ್ಲ. ಸಂಖ್ಯೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಗೈಡು ಫೋನಿನಲ್ಲೇ ಅಭಿನಂದನೆ ಹೇಳಿದರು. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಬದುಕಿರುವ ಜನರಿಂದ ಇಷ್ಟು ಅಚ್ಚುಕಟ್ಟಾದ ಉತ್ತರ ಬಂದರೆ ಎಲ್ಲೋ ಏನೋ ತಪ್ಪಿದೆ ಎಂದು ನನಗೆ ಹೆದರಿಕೆ. ಅದೂ ಅಲ್ಲದೆ, ಆ ಎರಡು ಕೇರಿಗಳ ನಡುವಿನ ಒಂದು ಗೆರೆಯನ್ನು ನಾನೇ ಕಣ್ಣಾರೆ ಕಂಡಿದ್ದೆ.

ಅಕ್ಕನ ಮಗಳಿಗೆ ಫಿಟ್ಸ್ ಇದೆ. ಮಾತ್ರೆ ನಡೆಯುತ್ತಿದೆ, ಆದರೂ ಯಾವಾಗ ಬರುತ್ತದೋ ಹೇಳಲಾಗದು. ಬಂದಾಗ ಅಕ್ಕನ ಅತ್ತೆ ಮಗುವಿನ ಕೈಗೆ ಬೀಗದಕೈ ಗೊಂಚಲು ಕೊಟ್ಟು, ಬಾಯಿಗೆ ನೀರು ಹೊಯ್ಯುತ್ತಾರೆ. ಮೊಮ್ಮಗಳೆಂದರೆ ಅವರಿಗೆ ಪ್ರಾಣ. ಆ ನೀರು ಶ್ವಾಸಕ್ಕೆ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ಅಕ್ಕ ಎಷ್ಟು ಸಲ ಹೇಳಿದರೂ ಅವರು ಕಿವಿಗೆ ಹಾಕಿಕೊಂಡವರಲ್ಲ. ಹಾಗಾಗಿ ಅಕ್ಕ ಮಧ್ಯಾಹ್ನದ ಶಿಫ್ಟಿಗೆ ಹೋಗುವ ವಾರಗಳಲ್ಲಿ ಅತ್ತೆಯ ಲೆಕ್ಕಕ್ಕೆ ಮಗು ಸ್ಕೂಲು ಬಿಟ್ಟ ಮೇಲೆ ‘ಟ್ಯೂಷನ್ನಿಗೆ’ ಹೋಗುತ್ತದೆ.

ಒಮ್ಮೆ ಅವಳನ್ನು ಕರೆತರಲು ಹೋಗಿ, ದಾರಿ ಕೇಳುತ್ತ ಕೇಳುತ್ತ ಕೆಳಗಿನ ಕೇರಿಗೆ ಬಂದೆ. ಆ ಮನೆಯಲ್ಲಿ ಮಗುವಿಗೆ ಆಗತಾನೇ ಫಿಟ್ಸ್ ಬಂದಿತ್ತು. ಮನೆಯಾಕೆ ಅವಳನ್ನು ಮಗ್ಗುಲಿಗೆ ಹೊರಳಿಸಿ, ಜೊಲ್ಲು ಒರೆಸಿ, ಮೈ ಸಡಿಲಾಗುವ ತನಕ ಪಕ್ಕದಲ್ಲೇ ಕೂತಿದ್ದರು. ಹಿಂದೆ ಮೈಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದವರು, ಊರವರ ಬಾಯಲ್ಲಿ ನರ್ಸಮ್ಮ. ಅಕ್ಕನ ಫ್ಯಾಕ್ಟರಿಯಲ್ಲೇ ಕೆಲಸ, ಇನ್ನೊಂದು ತಂಡದಲ್ಲಿ. ಅಕ್ಕ ಮನೆಯಲ್ಲಿಲ್ಲದ ಸಂಜೆ ನರ್ಸಮ್ಮ ಮನೆಯಲ್ಲಿರುವ ಹಾಗೆ ಇಬ್ಬರೂ ಹೊಂದಿಸಿಕೊಂಡಿದ್ದರು. ಹೇಳಿದ ಸುಳ್ಳು ಪೂರ್ತಿ ಸುಳ್ಳಾಗದಿರಲಿ ಎಂದು ಒಂದಿಷ್ಟು ಮಗ್ಗಿಯನ್ನೂ ಹೇಳಿಸುತ್ತಿದ್ದರಂತೆ.

ಉತ್ತರಗಳನ್ನು ಮತ್ತೆ ತೆಗೆದು ನೋಡಿದೆ. ನರ್ಸಮ್ಮ ಹೇಳಿದ್ದ ಮೊದಲ ಹೆಸರೇ ಅಕ್ಕನದು. ಅಕ್ಕ ನರ್ಸಮ್ಮನ ಹೆಸರು ಎತ್ತಿರಲಿಲ್ಲ. ಅವಳೊಬ್ಬಳೇ ಅಲ್ಲ. ಕೆಳಗಿನ ಕೇರಿಯವರಲ್ಲಿ ಎಷ್ಟೋ ಜನ ಮೇಲಿನ ಕೇರಿಯವರನ್ನು ಹೇಳಿದ್ದರು, ಮೇಲಿನ ಕೇರಿಯ ಒಬ್ಬರೂ ಅವರನ್ನು ಹೇಳಿರಲಿಲ್ಲ. ಯಾಕೆಂದು ನಾನು ಯಾರನ್ನೂ ಕೇಳಬೇಕಿರಲಿಲ್ಲ, ನಾನೂ ಅಂಥದೇ ಮನೆಯಲ್ಲಿ ಬೆಳೆದವಳು. ನನಗೆ ನಾಚಿಕೆಯಾಯಿತು.

ಗೈಡಿಗೆ ಹೇಳಿದೆ. ಒಬ್ಬರು ಹೇಳಿದ್ದರೂ ಸಾಕು, ಗೆರೆ ಎಳೆದು ನೋಡು ಎಂದರು. ಎಳೆದೆ. ಕೇರಿಗಳು ಕಲಸಿಹೋದವು, ಸಂಖ್ಯೆ ಇಳಿಯಿತು, ಹೊಸ ಗುಂಪುಗಳು ಬಂದವು. ಅಕ್ಕ ಮತ್ತು ನರ್ಸಮ್ಮ ಒಂದೇ ಗುಂಪಿನಲ್ಲಿದ್ದರು.

ಒಂದೇ ಗುಂಪೆಂದರೆ ಒಂದೇ ಶಿಫ್ಟು. ವಾರ ಬಿಟ್ಟು ವಾರ ಇಬ್ಬರೂ ಸಂಜೆಯೆಲ್ಲ ತಾಂಡ್ಯದಲ್ಲಿ, ಮಗು ಅಜ್ಜಿಯ ಕೈಯಲ್ಲಿ. ನಂಟು ಇರುವವರನ್ನು ಒಟ್ಟಿಗೆ ಸೇರಿಸುವುದಷ್ಟೇ ನನ್ನ ಲೆಕ್ಕಕ್ಕೆ ಗೊತ್ತು. ಈ ಇಬ್ಬರ ನಂಟು ಉಳಿದಿದ್ದೇ ಬೇರೆ ಬೇರೆ ಇದ್ದುದರಿಂದ. ಸುಳ್ಳು ಚಿತ್ರ ಕೊಟ್ಟರೆ ಮಗು ಕ್ಷೇಮ, ನಿಜವಾದದ್ದು ಕೊಟ್ಟರೆ ಅದರ ಜೀವಕ್ಕೇ ಸಂಚಕಾರ. ಮಾರನೆಯ ದಿನ ಕ್ಲಾಸು ಬಿಟ್ಟು ನರಸೀಪುರದ ಬಸ್ಸು ಹತ್ತಿದೆ.

ಅಕ್ಕ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ತಗ್ಗಿದ ದನಿಯಲ್ಲಿ ಎಲ್ಲ ಹೇಳಿದೆ. ಅವಳು ಒಮ್ಮೆ ಒಳಬಾಗಿಲ ಕಡೆ ತಿರುಗಿ ನೋಡಿದಳು.

"ಅತ್ತೆ ಕಿವೀಗ್ ಬಿದ್ರೆ ಮುಗೀತು ಕಣೆ. ಮಗೀನ ಆ ಕಡೀಕೇ ಬಿಡಕಿಲ್ಲ."

ಹಾಗಾದರೆ ಮೊದಲಿನ ಚಿತ್ರವನ್ನೇ ಕೊಟ್ಟುಬಿಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ ಎಂದೆ. ಅಕ್ಕ ಆಗಲಿ ಎಂದು ತಲೆಯಾಡಿಸಿದಳು. ಇನ್ನೊಂದು ಪಾತ್ರೆ ಎತ್ತಿಕೊಂಡವಳು ಹಾಗೇ ನಿಲ್ಲಿಸಿದಳು.

"ನರ್ಸಮ್ಮ ನನ್ನೆಸ್ರು ಏಳುದ್ರಾ?"

ಮೊದಲು ಹೇಳಿದ್ದೇ ನಿನ್ನ ಹೆಸರು ಎಂದೆ. ತಾನು ಯಾರ ಹೆಸರು ಹೇಳಿದ್ದೆ ಎಂದು ಕೇಳಿದಳು. ವಾರಗಿತ್ತಿಯದು ಎಂದೆ. ಆ ವಾರಗಿತ್ತಿಗೂ ಇವಳಿಗೂ ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಅಕ್ಕನಿಗೆ ನಗು ಬಂತು, ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮುಂದೆ ಅವಳು ಮಾಡಿದ್ದನ್ನು ನನಗೆ ಮೊದಲೇ ಹೇಳಿರಲಿಲ್ಲ. ಮರುದಿನ ಫ್ಯಾಕ್ಟರಿ ಗೇಟಿನಲ್ಲಿ, ವ್ಯಾನಿನಿಂದ ಇಳಿದ ಅಷ್ಟೂ ಹೆಂಗಸರ ಎದುರಿಗೆ ಸೂಪರ್‌ವೈಸರನ್ನು ನಿಲ್ಲಿಸಿ, "ಕಷ್ಟಕ್ಕೆ ನಾನ್ ಕರಿಯೋದು ನರ್ಸಮ್ಮನ್ನ ಸಾ. ನಾನಿಲ್ದಾಗ ನನ್ ಮಗ್ಳು ಅವ್ರ ಮನೇಲೇ ಇರ್ತಾಳೆ. ಅದ್ಕೇ ನಮ್ಮಿಬ್ರುನ್ನೂ ಒಂದೇ ಶಿಫ್ಟಿಗೆ ಆಕ್ಬ್ಯಾಡಿ" ಎಂದಳಂತೆ. ಅವನು ಆಯ್ತಮ್ಮ ಎಂದು ಒಳಗೆ ಹೋದ. ಅವನಿಗೆ ಅದೊಂದು ವಿಷಯವೇ ಅಲ್ಲ. ಆ ಮಾತು ಮಾತ್ರ ಅಕ್ಕನಿಗಿಂತ ಮೊದಲೇ ಊರು ಮುಟ್ಟಿತು.

ಸುದ್ದಿ ತಿಳಿದು ನಾನು ಹೋದಾಗ ಅತ್ತೆ ಜಗುಲಿಯಲ್ಲಿ ಕೂತಿದ್ದರು. ಕೊಟ್ಟ ಕಾಫಿ ಹಾಗೇ ಆರಿತ್ತು. ಅಕ್ಕ ಬಾಗಿಲ ಹತ್ತಿರ ನಿಂತಿದ್ದಳು, ಮಗು ಅವಳ ಸೀರೆ ಹಿಡಿದುಕೊಂಡಿತ್ತು. ಇದಕ್ಕೆಲ್ಲ ನಾನೇ ಕಾರಣ, ಇವರು ಈಗ ನನ್ನನ್ನೇ ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಿದ್ದು ಅಕ್ಕನನ್ನು, ಮಗು ಅಲ್ಲಿ ಊಟ ಮಾಡುತ್ತದೆಯೇ ಎಂದು. ಮಾಡ್ತಾಳೆ ಎಂದಳು ಅಕ್ಕ. ಅತ್ತೆ ಕಾಫಿ ಲೋಟವನ್ನು ಪಕ್ಕಕ್ಕೆ ಸರಿಸಿದರು.

"ಮಗೀಗ್ ಬಂದಾಗ ಅವ್ಳೇನ್ ಮಾಡ್ತಾಳೆ?"

ಅಕ್ಕ ಚಾಪೆ ಹಾಸಿ ಮಗುವನ್ನು ಮಲಗಿಸಿದಳು. ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ಟವೆಲ್ಲು ಮಡಿಸಿಟ್ಟು, ಹೀಗೆ ಎಂದಳು. ಮಗುವಿಗೆ ಇದು ಆಟವಾಗಿ ಕಿಸಕ್ಕನೆ ನಕ್ಕಿತು. ಅತ್ತೆ ಬಗ್ಗಿ ನೋಡುತ್ತಿದ್ದರು.

"ನೀರು?"

"ನೀರ್ ಕೊಡ್ಬಾರ್ದಂತೆ ಅತ್ತೆ. ಉಸ್ರು ಕಟ್ಕೊಂಡ್ರೆ ಜೀವನೇ ಓಗ್ಬೋದಂತೆ."

ಅತ್ತೆ ಮಗುವನ್ನು ನೋಡಿದರು, ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು.

"ನಾನ್ ಅಷ್ಟ್ ಸಲ ಕೊಟ್ಟಿದ್ನಲ್ಲವ್ವ" ಎಂದರು.

ನಾಳೆ ಮಗುವನ್ನು ಆ ಮನೆಗೆ ಕಳಿಸುತ್ತೀರಾ ಎಂದು ಕೇಳುವ ಧೈರ್ಯ ಅಕ್ಕನಿಗೂ ಬರಲಿಲ್ಲ, ನನಗೂ ಬರಲಿಲ್ಲ.