ಊರಿಗೆ ಹೋಗದ ರಜೆ

ಠಣ್, ಠಣ್, ಠಣ್. ಶುಕ್ರವಾರ ಬೆಳಿಗ್ಗೆ ಗ್ಯಾಸಿನವನು ಸ್ಪ್ಯಾನರಿನಿಂದ ಸಿಲಿಂಡರಿಗೆ ಬಡಿಯುತ್ತ ಬಂದರೆ ಕುವೈತಿನ ಅಬ್ಬಾಸಿಯಾದ ಆ ಓಣಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಳ್ಳುತ್ತವೆ. ಆ ದಿನ ಮೂರನೇ ಮಹಡಿಯ ಒಂದು ಕಿಟಕಿ ಮಾತ್ರ ತೆರೆಯಲಿಲ್ಲ. ಒಳಗೆ ಜೂಲಿಯಾನಾ ಸಿಂಕಿನ ಮುಂದೆ ನಿಂತು, ಬಿಸಿನೀರಿನಲ್ಲಿ ನೆನೆದ ಉಪ್ಪಿನಕಾಯಿ ಬಾಟಲಿಯ ಚೀಟಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು.

ಅರಬ್ಬಿಯಲ್ಲಿ ಅಚ್ಚಾದ ಬಿಳಿ ಚೀಟಿ. ಹೊರದೇಶದ ತಿಂಡಿ ಕುವೈತಿನ ಅಂಗಡಿಗೆ ಬಂದರೆ ಮೈಮೇಲೆ ಇಂಥದ್ದೊಂದು ಅಂಟಿಸಿಕೊಂಡೇ ಇರುತ್ತದೆ. ಬಾಟಲಿ ಮಂಗಳೂರಿನದೇ, ಉಪ್ಪಿನಕಾಯಿಯೂ ಮಂಗಳೂರಿನದೇ. ಅದನ್ನು ಅಲ್ಲಿಂದ ತಂದವಳು ಮಾತ್ರ ಅವಳಲ್ಲ. ಓಣಿಯ ತುದಿಯ ಅಂಗಡಿಯಿಂದ ಕೋರಿ ರೊಟ್ಟಿ, ಬಾಳೆಕಾಯಿ ಚಿಪ್ಸುಗಳ ಜೊತೆಗೆ ಕೊಂಡು ತಂದಿದ್ದಳು.

ಆ ಕಟ್ಟಡದಲ್ಲಿ ರಜೆ ಮುಗಿಸಿ ಬಂದವರು ಪ್ರತಿ ಮನೆಯ ಬಾಗಿಲಿಗೂ ಊರಿನದ್ದೊಂದು ಪೊಟ್ಟಣ ಮುಟ್ಟಿಸಬೇಕು. ಯಾರೂ ಹೇರಿದ ನಿಯಮವಲ್ಲ. ಆದರೆ ತಪ್ಪಿಸಿದವರೂ ಯಾರಿಲ್ಲ. ಜೂಲಿಯಾನಾ ಬಜ್ಪೆಯವಳು. ಹತ್ತೊಂಬತ್ತು ವರ್ಷದಿಂದ ಸಾಲ್ಮಿಯಾದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಡಾಕ್ಟರರ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಾಳೆ. ಮದುವೆಯಾಗಿಲ್ಲ. ಪ್ರತಿ ವರ್ಷ ರಜೆಗೆ ಊರಿಗೆ ಹೋಗಿದ್ದಾಳೆ, ಪ್ರತಿ ವರ್ಷ ಪೊಟ್ಟಣ ಹಂಚಿದ್ದಾಳೆ. ಈ ಸಲ ಸೂಟ್‌ಕೇಸ್ ಎಳೆದುಕೊಂಡು ಹೊರಟಾಗ ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ರಜೆ ಅಂದ ಮೇಲೆ ಊರಲ್ಲದೆ ಇನ್ನೆಲ್ಲಿಗೆ?

ಊರಿನಲ್ಲಿರುವ ಅಣ್ಣನಿಗೆ ಅವಳು ಹೇಳಿದ್ದು ಬೇರೆಯೇ: ಈ ವರ್ಷ ರಜೆ ಸಿಗಲಿಲ್ಲ.

ಬಾಗಿಲು ಬಡಿಯಿತು. ಪಕ್ಕದ ಮನೆಯ ಸುಲೈಖಾ. ಬಂಟ್ವಾಳದ ಕಡೆಯವಳು, ಜೂಲಿಯಾನಾಳಿಗಿಂತ ಹತ್ತು ವರ್ಷ ಚಿಕ್ಕವಳು. ಇಬ್ಬರೂ ತಮ್ಮತಮ್ಮಲ್ಲಿ ತುಳುವಿನಲ್ಲಿ ಮಾತಾಡಿಕೊಳ್ಳುವವರು. ಕೈಯಲ್ಲಿ ನಿನ್ನೆ ಜೂಲಿಯಾನಾ ಕೊಟ್ಟ ರೊಟ್ಟಿಯ ಪೊಟ್ಟಣ, ಅಡಿಮೇಲಾಗಿ.

"ಜೂಲಿಯಕ್ಕಾ, ನಿಮ್ಮ ಬಜ್ಪೆಯ ಅಂಗಡಿಯವರೆಲ್ಲ ಈಗ ಅರಬ್ಬಿ ಕಲಿತದ್ದಾ?"

ಪೊಟ್ಟಣದ ಅಡಿಯಲ್ಲಿ ಬಿಳಿ ಚೀಟಿ ಒಂದಿಷ್ಟೂ ಹರಿಯದೆ ಹಾಗೇ ಇತ್ತು.

"ಅದು... ಲಗೇಜಿನಲ್ಲಿ ಜಾಗ ಸಾಲಲಿಲ್ಲ," ಎಂದಳು ಜೂಲಿಯಾನಾ, ಒದ್ದೆ ಕೈಯನ್ನು ನೈಟಿಗೆ ಒರೆಸುತ್ತ.

"ಅಯ್ಯೋ, ಬಿಡಿ ಮಾರಾಯ್ರೆ. ರುಚಿ ಅದೇ ಅಲ್ವಾ? ನಾನು ಬಂದದ್ದು ಬೇರೆ ಕೆಲಸಕ್ಕೆ. ಇವರು ಆದಿತ್ಯವಾರ ಊರಿಗೆ ಹೊರಟಿದ್ದಾರೆ. ನಿಮ್ಮ ಅಣ್ಣನಿಗೆ ಎಂತಾದರೂ ಕಳಿಸ್ಲಿಕ್ಕೆ ಉಂಟಾ? ಏರ್‌ಪೋರ್ಟಿನಿಂದ ಹೊರಗೆ ಬಂದರೆ ನಿಮ್ಮ ಮನೆ. ಇವರು ಅಲ್ಲೊಂದು ಚಾ ಕುಡಿಯದೆ ಮುಂದೆ ಹೋಗುವ ಜನ ಅಲ್ಲ."

'ಇವರು' ಎಂದರೆ ಅವಳ ಗಂಡ ಅಝರುದ್ದೀನ್. ಒಳ್ಳೆಯ ಮನುಷ್ಯ, ಮಾತಿನ ಮನುಷ್ಯ. ಚಾದ ಲೋಟ ಕೈಗೆ ಬಂದ ಕೂಡಲೇ ಕೇಳುತ್ತಾನೆ, ತಂಗಿ ಬಂದು ಹೋದದ್ದು ಮೊನ್ನೆಯಲ್ವಾ, ಹೇಗಾಯ್ತು ರಜೆ ಎಲ್ಲ? ಅಣ್ಣನ ಮುಖ, ಅತ್ತಿಗೆ ಒಳಗಿನಿಂದ ಹೊರಗೆ ಬರುವ ರೀತಿ, ಎಲ್ಲವೂ ಜೂಲಿಯಾನಾಳ ಕಣ್ಣಿಗೆ ಕಟ್ಟಿತು.

"ಸುಲೈಖಾ, ಸ್ವಲ್ಪ ಕುಳಿತುಕೊ. ರಜೆ ಸಿಗಲಿಲ್ಲ ಅಂತ ಅಣ್ಣನಿಗೆ ಹೇಳಿದ್ದೆ. ನಾನು ಊರಿಗೆ ಹೋಗಿರಲಿಲ್ಲ."

"ಮತ್ತೆ?"

"ಚೀನಾಕ್ಕೆ."

"ಹಲ್ಲಿನ ಕೆಲಸಕ್ಕಾ?"

"ಅಲ್ಲ. ರೈಲಿನಲ್ಲಿ ತಿರುಗಲಿಕ್ಕೆ."

ಸುಲೈಖಾ ಬಾಯಿಗೆ ಸೆರಗು ಹಿಡಿದು ನಕ್ಕಳು. "ರೈಲಿಗೆ ಚೀನಾಕ್ಕೆ ಹೋಗ್ಬೇಕಾ? ನಮ್ಮ ಸುರತ್ಕಲ್ಲಿನಲ್ಲಿ ಓಡುವುದು ಎಂತ ಎತ್ತಿನಗಾಡಿಯಾ? ಯಾರ ಒಟ್ಟಿಗೆ ಹೋದದ್ದು?"

"ಒಬ್ಬಳೇ."

ನಗು ನಿಂತಿತು.

ಕ್ಲಿನಿಕ್ಕಿನ ಗೋಡೆಯಲ್ಲೊಂದು ಟಿವಿ ಇದೆ. ಹೆದರಿದವರ ಗಮನ ಆಚೆ ಹೋಗಲೆಂದು ಅದರಲ್ಲಿ ಸದ್ದಿಲ್ಲದೆ ಚೀನಾದ ಒಂದು ರೈಲು ಓಡುತ್ತಿರುತ್ತದೆ, ಕಿಟಕಿಯಾಚೆ ಹೊಲ, ಹೊಳೆ, ಬೆಟ್ಟ. ಬಾಯಿ ತೆರೆದು ಮಲಗಿದವರು ಅದನ್ನು ನೋಡುವುದು ಕಡಮೆ, ಕಣ್ಣು ಮುಚ್ಚಿರುತ್ತಾರೆ. ನೋಡುತ್ತಿದ್ದವಳು ಜೂಲಿಯಾನಾ. ಮಾತಾಡಲಾರದ ಬಾಯಿಗಳ ಪಕ್ಕ ನಿಂತು ನಿಂತು, ಆ ಕಿಟಕಿಯ ಬಳಿ ಒಮ್ಮೆ ಕುಳಿತುಕೊಳ್ಳಬೇಕು ಅನ್ನಿಸಿತ್ತು. ಅಷ್ಟೇ. ಊರಿನವರೆಲ್ಲ ಒಳ್ಳೆಯವರೇ. ಅವಳ ಕೋಣೆಯಲ್ಲಿ ಈಗ ಅಣ್ಣನ ಮಗ ಓದುತ್ತಾನೆ. ಹೋದಾಗಲೆಲ್ಲ ಅವನು ಪುಸ್ತಕ ಎತ್ತಿಕೊಂಡು ಹಾಲಿಗೆ ಹೋಗುತ್ತಾನೆ. ಅವಳು ತಿರುಗಿ ಹೊರಡುವ ತನಕ ಅಲ್ಲೇ ಇರುತ್ತಾನೆ.

"ಹೇಗಿತ್ತು?" ಸುಲೈಖಾ ಮೆಲ್ಲಗೆ ಕೇಳಿದಳು.

ಈ ಪ್ರಶ್ನೆಯನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಅವಳು ಚೀನಾಕ್ಕೆ ಹೋದದ್ದೇ ಯಾರಿಗೂ ಗೊತ್ತಿರಲಿಲ್ಲ. ಜೂಲಿಯಾನಾಳ ಮಾತು ಮೊದಲು ತಡವರಿಸಿತು, ಆಮೇಲೆ ಹರಿಯಿತು. ಬೀಜಿಂಗಿನ ಸ್ಟೇಷನ್ ವಿಮಾನ ನಿಲ್ದಾಣದಷ್ಟು ದೊಡ್ಡದು. ಅಲ್ಲಿ ಪಾಸ್‌ಪೋರ್ಟೇ ಟಿಕೆಟು. ನಮ್ಮಂಥವರು ಪಕ್ಕದ ಗೇಟಿನಲ್ಲಿ ಅದನ್ನು ತೋರಿಸಿ ಒಳಗೆ ಹೋಗಬೇಕು. ರೈಲಿನ ಬೋಗಿಯ ತುದಿಯಲ್ಲಿ ಕುದಿನೀರಿನ ನಲ್ಲಿ ಇರುತ್ತದೆ, ಜನ ಫ್ಲಾಸ್ಕು ಹಿಡಿದು ಹೋಗಿ ತುಂಬಿಸಿಕೊಂಡು ಬರುತ್ತಾರೆ. ಶಿಯಾನಿನಿಂದ ಚೆಂಗ್ದುವಿಗೆ ಹೋಗುವಾಗ ಸುರಂಗದ ಮೇಲೆ ಸುರಂಗ. ಎರಡು ಕತ್ತಲುಗಳ ನಡುವೆ ಒಂದು ಬೆಟ್ಟ, ಒಂದು ಹೊಳೆ, ಬಟ್ಟೆ ಒಣಹಾಕಿದ ಒಂದು ಮನೆ. ಸರಿಯಾಗಿ ನೋಡುವಷ್ಟರಲ್ಲಿ ಇಲ್ಲ.

"ಅಲ್ಲೊಬ್ಬಳು ಅಜ್ಜಿ ಪಕ್ಕದಲ್ಲಿ ಕುಳಿತಿದ್ದಳು," ಎಂದಳು. "ಕಿತ್ತಳೆ ಸುಲಿದು ಅರ್ಧ ನನ್ನ ಕೈಗೆ ಇಟ್ಟಳು. ಮಾತಿಗೆ ಶುರು ಮಾಡಿದಳು ನೋಡು, ನಿಲ್ಲಿಸಲೇ ಇಲ್ಲ."

"ಎಂತ ಹೇಳಿದ್ದು?"

"ಯಾರಿಗೆ ಗೊತ್ತು. ಪೂರಾ ಚೀನೀ."

"ಮತ್ತೆ ನೀವು?"

"ನಾನು ಕೊಂಕಣಿಯಲ್ಲಿ ಹೇಳಿದೆ."

ಸುಲೈಖಾಳಿಗೆ ಪುನಃ ನಗು ಬಂತು. "ಯಾ ಅಲ್ಲಾ! ಎಂತ ಹೇಳಿದಿರಿ ಅಜ್ಜಿಗೆ?"

ಜೂಲಿಯಾನಾ ಸಿಂಕಿನತ್ತ ತಿರುಗಿ ಬಾಟಲಿಯ ಚೀಟಿಯನ್ನು ಪುನಃ ಕೆರೆಯತೊಡಗಿದಳು. ಅಷ್ಟು ಹೊತ್ತು ಕೊಂಕಣಿ ಮಾತಾಡಿ ಎಷ್ಟು ಕಾಲವಾಗಿತ್ತೋ. ಅಜ್ಜಿ ತಲೆಯಾಡಿಸುತ್ತಿದ್ದಳು, ನಡುವೆ ನಡುವೆ ಅವಳ ಮಣಿಕಟ್ಟನ್ನು ಒತ್ತುತ್ತಿದ್ದಳು. ಯಾವುದೋ ಸ್ಟೇಷನ್ ಬಂತು, ಅಜ್ಜಿ ಗಂಟು ಎತ್ತಿಕೊಂಡು ಇಳಿದಳು. ಹಿಂತಿರುಗಿ ನೋಡಲಿಲ್ಲ. ಆಮೇಲೆ ಚೆಂಗ್ದುವಿನ ತನಕ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ.

ಕೆಳಗಿನ ಓಣಿಯಲ್ಲಿ ಯಾರೋ ಯಾರನ್ನೋ ಕೂಗಿದರು. ಸುಲೈಖಾ ಎದ್ದು ನಿಂತಳು. ಸಮಾಧಾನ ಮಾಡುವ ದೊಡ್ಡ ಮನಸ್ಸು ಅವಳಿಗೆ.

"ನೀವು ಹೆದರಬೇಡಿ ಅಕ್ಕ. ಇವರಿಗೆ ನಾನು ಹೇಳಿ ಇಡ್ತೇನೆ, ನಿಮ್ಮ ಮನೆಯಲ್ಲಿ ಬಾಯಿ ಬಿಡ್ಲಿಕ್ಕಿಲ್ಲ. ನೀವು ಎಲ್ಲಿಗೂ ಹೋಗ್ಲೇ ಇಲ್ಲ ಅಂತ ಮಾಡುವ. ಖಲಾಸ್."

ಎಲ್ಲಿಗೂ ಹೋಗಲೇ ಇಲ್ಲ. ಜೂಲಿಯಾನಾ ಆ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿ ನೋಡಿದಳು. ಹಾಗಾದರೆ ಆ ಹೊಳೆ ಇಲ್ಲ. ಆ ಕಿತ್ತಳೆ ಇಲ್ಲ. ತಾನು ಯಾರಿಗೂ ಏನನ್ನೂ ಹೇಳಿಲ್ಲ.

"ಬೇಡ ಸುಲೈಖಾ," ಎಂದಳು.

ಫ್ರಿಜ್ಜಿನ ಮೇಲಿದ್ದ ಫೋನು ತೆಗೆದುಕೊಂಡಳು. ಆ ಕಡೆ ಎತ್ತಲು ತಡವಾಗಲಿಲ್ಲ. ಅಣ್ಣನ ದನಿ ಯಾವಾಗಲೂ ದೊಡ್ಡದು. ಕೊಂಕಣಿ ಅರ್ಧಂಬರ್ಧ ತಿಳಿಯುವ ಸುಲೈಖಾಳಿಗೂ ಕೇಳಿಸಿತು.

"ಎಂತ ಜೂಲಿ, ಇವತ್ತು ಡ್ಯೂಟಿ ಇಲ್ವಾ? ಪಾಪ, ಈ ವರ್ಷ ನಿನಗೆ ರಜೆಯೂ ಕೊಡಲಿಲ್ಲ ಅವರು."

"ಕೊಟ್ಟಿದ್ದರು ಅಣ್ಣ."

ಜೂಲಿಯಾನಾ ಚಪ್ಪಲಿ ಮೆಟ್ಟಿದಳು. ಸುಲೈಖಾಳನ್ನು ದಾಟಿ, ತೆರೆದ ಬಾಗಿಲನ್ನು ಹಾಗೇ ಬಿಟ್ಟು, ಮೆಟ್ಟಿಲಿಳಿಯತೊಡಗಿದಳು. ದನಿ ಒಂದೊಂದೇ ಮಹಡಿ ಕೆಳಗಾಗುತ್ತ ಹೋಯಿತು.

"ನಾನೇ ನಿನಗೆ ಸುಳ್ಳು ಹೇಳಿದ್ದು. ಬೈಯುವುದಿದ್ದರೆ ಆಮೇಲೆ ಬೈ, ಮೊದಲು ಕೇಳು. ಚೀನಾದಲ್ಲೊಂದು ರೈಲುಂಟು ಅಣ್ಣ, ಬೆಳಿಗ್ಗೆ ಹೊರಟು ಬೆಟ್ಟದ ಒಳಗಿನಿಂದ..." ಮುಂದಿನ ಮಾತು ಮೇಲೆ ಬಾಗಿಲಲ್ಲಿ ನಿಂತ ಸುಲೈಖಾಳಿಗೆ ಕೇಳಿಸಲಿಲ್ಲ.