ಕಿಟಕಿ ಬಟ್ಟೆಯ ಒಳಮೈ

ಹವಾನಿಯಂತ್ರಣ ಎಂಬ ಮಾತು ದಾವಣಗೆರೆಗೆ ಬರುವ ಎಷ್ಟೋ ಮೊದಲೇ ನಮ್ಮ ಮನೆಯಲ್ಲಿ ಅದು ಇತ್ತು. ಅದನ್ನು ಕಂಡುಹಿಡಿದವರು ನಮ್ಮ ಮಾವನವರು. ಪಡಸಾಲೆಯ ಕಿಟಕಿಗೆ ಬಡಿಗನಿಂದ ಒಂದು ಚೌಕಟ್ಟು ಮಾಡಿಸಿ, ಅದಕ್ಕೆ ಮೂರು ಪದರ ಮಲ್‌ಮಲ್ ಬಟ್ಟೆ ಬಿಗಿಸಿ, ಬೆಳಿಗ್ಗೆ ಒಮ್ಮೆ ಮಧ್ಯಾಹ್ನ ಒಮ್ಮೆ ನೀರು ಚಿಮುಕಿಸಬೇಕೆಂದು ನನಗೆ ಅಪ್ಪಣೆ ಮಾಡಿದ್ದರು. ಗಾಳಿ ತಂಪಾಗಿ ಒಳಗೆ ಬರಬೇಕು, ಧೂಳು ಹೊರಗೇ ನಿಲ್ಲಬೇಕು. ಒಳಗೆ ತಲೆಯ ಮೇಲೆ ಹೊಸ ಫ್ಯಾನು. ನಮ್ಮ ಓಣಿಗೆ ಮೊದಲು ಬಂದ ಫ್ಯಾನು ಅದೇ ಆದ್ದರಿಂದ, ಜನ ಅದರ ಕೆಳಗೆ ಕೂತು, ತಲೆ ಎತ್ತಿ ನೋಡಿ, ಚಹಾ ಕುಡಿದು ಹೋಗುತ್ತಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳ ಮಾತಿದು. ನಾನು ಹರಿಹರದಿಂದ ಆ ಮನೆಗೆ ಸೊಸೆಯಾಗಿ ಬಂದು ಒಂದು ವರ್ಷವಾಗಿತ್ತು. ಮಾವನವರದು ಹತ್ತಿ ವ್ಯಾಪಾರ. ಮನೆಯ ಮುಂದೆ ಮಂಡಿಗೆ ಹೋಗುವ ಗಾಡಿಗಳ ದಾರಿ, ಸ್ವಲ್ಪ ಆಚೆ ಗಿರಣಿ, ಈಚೆ ಮಂಡಕ್ಕಿ ಭಟ್ಟಿ. ಧೂಳಿಗೆ ಕಾರಣಗಳ ಕೊರತೆ ಇರಲಿಲ್ಲ. ಆದರೂ ಮನೆಮಂದಿಗೆಲ್ಲ ಕಂಡ ಕಾರಣ ನಾನೊಬ್ಬಳೇ.

ಬೆಳಿಗ್ಗೆ ಗುಡಿಸಿ ಒರೆಸಿದ ಪಡಸಾಲೆಯಲ್ಲಿ ಸಂಜೆಯ ಹೊತ್ತಿಗೆ ಬೂದುಬಿಳಿ ಧೂಳು ಕೂತಿರುತ್ತಿತ್ತು. ಮಾವನವರು ರೇಡಿಯೋದ ನೆತ್ತಿಯ ಮೇಲೆ ಬೆರಳಾಡಿಸಿ, ಆ ಬೆರಳನ್ನು ಬೆಳಕಿಗೆ ಹಿಡಿದು, ಮೊದಲು ಅತ್ತೆಗೆ, ಆಮೇಲೆ ನನ್ನ ಯಜಮಾನರಿಗೆ, ಕೊನೆಗೆ ನನಗೆ ತೋರಿಸುತ್ತಿದ್ದರು. ಅತ್ತೆ ಕೆಮ್ಮುತ್ತಿದ್ದರು. ಯಜಮಾನರು ಪೇಪರಿನ ಹಾಳೆ ತಿರುವುತ್ತಿದ್ದರು. ಅತ್ತೆಯ ಕೆಮ್ಮು ಬೇಸಿಗೆಯಲ್ಲಿ ಜೋರಾಗಿ, ಧೂಳು ಆಗದೆಂದು ಅವರು ವರ್ಷವರ್ಷವೂ ಒಂದು ತಿಂಗಳು ಮಾಯಕೊಂಡದ ತವರಿಗೆ ಹೋಗಿ ಬರುವ ರೂಢಿಯಿತ್ತು. ಆ ವರ್ಷ ಇನ್ನೂ ಹೊರಟಿರಲಿಲ್ಲ.

ಕಿಟಕಿ ಬಟ್ಟೆ ಬಂದ ಮೇಲೂ ಧೂಳು ಕಡಿಮೆಯಾಗಲಿಲ್ಲ. ಮಾವನವರಿಗೆ ತಮ್ಮ ಯಂತ್ರದ ಮೇಲೆ ಅನುಮಾನ ಬರುವುದುಂಟೇ? ಮುಂದಿನ ಸೋಮವಾರ ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋಗಿ, ಕಸ ಗುಡಿಸುವುದನ್ನು ಕಲಿಯಲು ಒಂದು ತಿಂಗಳು ಬಿಟ್ಟು ಬರುವುದೆಂದು ತೀರ್ಮಾನಿಸಿದರು.

ತವರಿಗೆ ಹೋಗುವುದು ಯಾರಿಗೆ ಬೇಡ? ಆದರೆ ಹೀಗಲ್ಲ. ನಮ್ಮವ್ವನ ಅಂಗಳದಲ್ಲಿ ಒಂದು ಕಡ್ಡಿ ಬಿದ್ದಿದ್ದರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಅಪ್ಪ ಸತ್ತ ಮೇಲೆ ಒಬ್ಬಳೇ ನನ್ನನ್ನು ಬೆಳೆಸಿದವಳು. ಅವಳ ಎದುರಿಗೆ ಬೀಗರು ಕೂತು, ನಿಮ್ಮ ಮಗಳಿಗೆ ಪೊರಕೆ ಹಿಡಿಯಲು ಬರುವುದಿಲ್ಲ ಎನ್ನುವುದನ್ನು ನೆನೆದರೆ ನನಗೆ ಸಿಟ್ಟು ತಡೆಯಲಾಗುತ್ತಿರಲಿಲ್ಲ.

ಆ ಸಿಟ್ಟಿನಲ್ಲೇ ಬಟ್ಟೆಯನ್ನು ಒಗೆಯಲೆಂದು ಚೌಕಟ್ಟಿನಿಂದ ಬಿಚ್ಚಿದೆ. ಅಷ್ಟು ದಿನ ಒಗೆಯುವಾಗ ನೋಡದೆಯೇ ನೀರಿಗೆ ಅದ್ದುತ್ತಿದ್ದೆ. ಅವತ್ತು ನೋಡಿದೆ. ಬೀದಿಯ ಕಡೆಯ ಮೈಗೆ ತೆಳ್ಳಗೆ ಕೆಮ್ಮಣ್ಣು ಹತ್ತಿತ್ತು, ಅಷ್ಟೇ. ಒಳಗಿನ ಮೈ ಮಾತ್ರ ಕಂಬಳಿಯ ಹಾಗೆ ದಪ್ಪಗೆ ಜುಂಗುಗಟ್ಟಿತ್ತು. ಧೂಳು ಒಳಗೆ ಬರುತ್ತಿರಲಿಲ್ಲ, ಹೊರಗೆ ಹೋಗಲು ಒದ್ದಾಡುತ್ತಿತ್ತು.

ಮರುದಿನ ಅಡುಗೆಮನೆ, ನಡುಮನೆ, ಪಡಸಾಲೆ, ಮೂರೂ ಕಡೆ ಒದ್ದೆ ಬಟ್ಟೆಯ ಚೂರು ತೂಗುಹಾಕಿದೆ. ಸಂಜೆಗೆ ಅಡುಗೆಮನೆಯದು ಹೊಗೆ ಹಿಡಿದಿತ್ತು, ನಡುಮನೆಯದು ಹಾಗೇ ಇತ್ತು. ಮಾವನವರ ಕುರ್ಚಿಯ ಹಿಂದೆ ಕಟ್ಟಿದ್ದರ ಮೇಲೆ ಬಿಳಿ ನೂಲು ನೂಲಾಗಿ ಅರಳೆ ಕೂತಿತ್ತು.

ಇನ್ನು ನೋಡಲು ಉಳಿದದ್ದು ಅವರ ಕೈಗಳು. ಮಂಡಿಯಿಂದ ಬಂದು ಕೂತವರೇ ಕೋಟಿನ ಜೇಬಿನಿಂದ ಒಂದು ಚಿಟಿಕೆ ಅರಳೆ ತೆಗೆಯುತ್ತಿದ್ದರು. ಎರಡು ಹೆಬ್ಬೆರಳ ನಡುವೆ ಹಿಡಿದು ಎಳೆಯುವುದು, ಒಂದರ ಮೇಲೊಂದಿಟ್ಟು ಮತ್ತೆ ಎಳೆಯುವುದು, ಎಳೆಯ ಉದ್ದ ನೋಡುವುದು, ಗಿಡ್ಡ ಎಳೆಗಳನ್ನು ಕೊಡವುವುದು. ಹತ್ತಿಯ ದರ್ಜೆ ಹೇಳುವವರೆಲ್ಲ ಮಾಡುವ ಕೆಲಸವೇ. ಅವರು ಅದನ್ನು ಮಂಡಿಯಲ್ಲಿ ಮುಗಿಸಿ ಬರುತ್ತಿರಲಿಲ್ಲ, ಅಷ್ಟೇ. ರೇಡಿಯೋ ಕೇಳುವಾಗಲೂ ಎಳೆಯುತ್ತಿದ್ದರು, ಧೂಳಿನ ವಿಷಯಕ್ಕೆ ನನ್ನನ್ನು ಬೈಯುವಾಗಲೂ ಎಳೆಯುತ್ತಿದ್ದರು. ಕೊಡವಿದ್ದನ್ನು ಮನೆತುಂಬ ಹಂಚುವ ಕೆಲಸ ಫ್ಯಾನಿನದು.

ಬಟ್ಟೆಯ ಒಳಮೈಯನ್ನು ಅತ್ತೆಗೆ ತೋರಿಸಿದೆ. ಅವರು ಬಾಗಿಲ ಕಡೆ ನೋಡಿ, ಬಟ್ಟೆಯನ್ನು ಮಡಚಿ ನನ್ನ ಕೈಗೇ ಕೊಟ್ಟರು.

"ತೊಳ್ದು ಹಾಕು. ನೋಡಿಲ್ಲ ಅಂತ ತಿಳ್ಕ."

ಗಂಡನ ಹೆದರಿಕೆ ಎಂದುಕೊಂಡೆ. ಮಾವನವರಿಗೆ ನಾನಾಗಿ ಹೇಳುವುದಂತೂ ಆ ಮನೆಯಲ್ಲಿ ಆಗದ ಮಾತು. ಅವರೆದುರು ನಾನು ತಲೆ ಎತ್ತಿ ಹೂಂ ಎಂದದ್ದೂ ಇರಲಿಲ್ಲ.

ಸೋಮವಾರ ಟ್ರಂಕು ಹಿಡಿದು ಹರಿಹರದ ರೈಲು ಹತ್ತಿದೆವು. ಎಂಜಿನ್ನಿನ ಮಸಿಗೆ ಮಾವನವರು ದಾರಿಯುದ್ದಕ್ಕೂ ಮೂಗಿಗೆ ಕರವಸ್ತ್ರ ಹಿಡಿದಿದ್ದರು. ಮನೆಯಲ್ಲಿ ಅವ್ವ ಕಂಬಳಿ ಹಾಸಿ ಕೂಡಿಸಿ, ನೀರು ಬೆಲ್ಲ ಕೊಟ್ಟು, ಒಳಬಾಗಿಲ ಹತ್ತಿರ ನಿಂತಳು. ಮಾವನವರು ಮನೆಯ ಧೂಳಿನ ಕಥೆ ಶುರು ಮಾಡಿದರು. ಹಿಂದೆಯೇ ಕೈ ಜೇಬಿಗೆ ಹೋಯಿತು.

ಅವ್ವನ ಮನೆಯಲ್ಲಿ ಫ್ಯಾನು ಇರಲಿಲ್ಲ. ಕೊಡವಿದ ಅರಳೆ ಎಲ್ಲಿಗೂ ಹಾರದೆ, ಸಾರಿಸಿದ ನೆಲದ ಮೇಲೆ ಅವರ ಕಾಲ ಸುತ್ತಲೇ ಬೀಳುತ್ತ ಹೋಯಿತು. ನನ್ನ ಸೋಮಾರಿತನದ ವರ್ಣನೆ ಮುಗಿಯುವ ಹೊತ್ತಿಗೆ ಅಲ್ಲೊಂದು ಬಿಳಿ ಗುಪ್ಪೆಯಾಗಿತ್ತು. ಅವ್ವ ಅದನ್ನು ನೋಡಿದಳು, ನನ್ನ ಮುಖ ನೋಡಿದಳು. ಮನೆಗೆ ಬಂದವರು ಕೂತಿರುವಾಗ ಪೊರಕೆ ಮುಟ್ಟುವಂತಿಲ್ಲ. ಅವಳು ಒಂದು ತಟ್ಟೆ ತಂದು, ನೆಲದ ಮೇಲೆ ಕೂತು, ಅರಳೆಯನ್ನು ಚೂರು ಚೂರಾಗಿ ಆರಿಸಿ, ಅಂಗೈಯಲ್ಲಿ ಹೊಸೆದು ಬತ್ತಿ ಮಾಡತೊಡಗಿದಳು. ಹನ್ನೊಂದು ಬತ್ತಿಯಾದವು.

"ನೀವು ಬಂದಿದ್ದು ಚಲೋ ಆತ್ರಿ ಬೀಗ್ರೇ. ದೇವ್ರ ದೀಪಕ್ಕೆ ಅರಳೆ ತೀರಿತ್ತು."

ಮಾವನವರು ತಟ್ಟೆ ನೋಡಿದರು. ಕಾಲಬುಡ ನೋಡಿದರು. ತಮ್ಮ ಹೆಬ್ಬೆರಳುಗಳನ್ನು ನೋಡಿದರು. ಕೊನೆಗೆ ಜೇಬಿನಲ್ಲಿ ಉಳಿದಿದ್ದನ್ನೂ ತೆಗೆದು ತಟ್ಟೆಗೆ ಹಾಕಿದರು.

"ಹುಡ್ಗಿನ ವಾಪಸ್ ಕರ್ಕೊಂಡ್ ಹೋಗ್ತೀನ್ರಿ. ಅವ್ಳಿಗೆ ಗುಡಿಸಾಕೆ ಬರ್ತೈತೆ."

ನಮ್ಮವ್ವನ ಮೇಲೆ ನನಗೆ ಅವತ್ತು ಬಂದಷ್ಟು ಹೆಮ್ಮೆ ಮತ್ತೆಂದೂ ಬಂದಿಲ್ಲ. ಟ್ರಂಕಿನ ಬೀಗ ತೆಗೆಯುವ ಮೊದಲೇ ಮತ್ತೆ ರೈಲು ಹತ್ತಿದ್ದೆ ಎಂಬುದು ಹೊಳೆದದ್ದು ದಾವಣಗೆರೆ ಸ್ಟೇಷನ್ ಬಂದಾಗ.

ಮನೆಗೆ ಬಂದ ಮಾವನವರು ಅತ್ತೆಗೆ ದೊಡ್ಡ ಮನಸ್ಸಿನಿಂದ ವರದಿ ಒಪ್ಪಿಸಿದರು. ಇನ್ನು ಮೇಲೆ ಅರಳೆ ಎಳೆಯುವುದೆಲ್ಲ ಮಂಡಿಯಲ್ಲೇ, ಮನೆಯಲ್ಲಿ ಧೂಳಿನ ಸುದ್ದಿಯೇ ಇಲ್ಲ, ನಿನ್ನ ಕೆಮ್ಮೂ ಹೋದಂತೆಯೇ, ಈ ಸಲ ಮಾಯಕೊಂಡದ ತವರಿಗೆ ಹೋಗುವ ತ್ರಾಸೂ ತಪ್ಪಿತು ಎಂದರು. ಅತ್ತೆ ಹೂಂ ಎಂದರು. ಆಮೇಲೆ ಅಡುಗೆಮನೆಯಲ್ಲಿ ನನ್ನ ಕಡೆ ತಿರುಗಿದರು.

"ಇಪ್ಪತ್ತೆರಡು ವರ್ಷ ನಾನು ಬಾಯಿ ಬಿಟ್ಟಿರ್ಲಿಲ್ಲ. ನಿಮ್ಮವ್ವಗೆ ಒಂದ್ ತಾಸು ಸುಮ್ನಿರಾಕೆ ಆಗ್ಲಿಲ್ಲೇನು?"

ಅವರ ಕಣ್ಣಲ್ಲಿ ನೀರಿತ್ತು. ನನ್ನ ಮಾನ ಉಳಿದ ಖುಷಿ ಅಲ್ಲಿಗೇ ಇಂಗಿಹೋಯಿತು. ಆ ಬೇಸಿಗೆಯಿಡೀ ಅತ್ತೆ ಚೊಕ್ಕ ಪಡಸಾಲೆಯಲ್ಲಿ, ಕೆಮ್ಮದೆ, ಕಿಟಕಿ ಬಟ್ಟೆಯ ಕಡೆ ನೋಡುತ್ತ ಕೂತಿರುತ್ತಿದ್ದರು.

ಮರುವರ್ಷ ಬಿಸಿಲು ಏರಿದಾಗ ಒಂದು ದಿನ ಮಾವನವರು ಸ್ನಾನಕ್ಕೆ ಹೋದದ್ದನ್ನು ನೋಡಿ, ಗೂಟದ ಮೇಲಿದ್ದ ಕೋಟಿನ ಜೇಬಿಗೆ ಕೈ ಹಾಕಿದೆ. ಒಂದು ಹಿಡಿ ಅರಳೆ ಸಿಕ್ಕಿತು. ಫ್ಯಾನು ಹಾಕಿ, ಅದರ ಕೆಳಗೆ ನಿಂತು, ಎರಡು ಹೆಬ್ಬೆರಳುಗಳಿಂದ ಚೆನ್ನಾಗಿ ಎಳೆದು ಎಳೆದು ಕೊಡವಿದೆ. ಮರುದಿನವೂ ಅಷ್ಟೇ ಮಾಡಿದೆ. ಮೂರನೆಯ ಸಂಜೆ ಮಾವನವರು ರೇಡಿಯೋದ ನೆತ್ತಿಯ ಮೇಲೆ ಬೆರಳಾಡಿಸಿ, ನನಗೆ ಪೊರಕೆ ಹಿಡಿಯಲು ಬರುವುದಿಲ್ಲವೆಂದು ಮತ್ತೆ ತೀರ್ಮಾನಿಸಿದರು. ನಾನು ತಲೆ ತಗ್ಗಿಸಿ ನಿಂತೆ. ನಡುಮನೆಯಲ್ಲಿ ಅತ್ತೆ ಕೆಮ್ಮಿದರು.