ಮೂರು ಸಲ ಕೂತು ಎದ್ದವನು

ಮೊನ್ನೆ ಯಸಳೂರಿನ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ಅಜ್ಜಿಯಿಂದ ನೋವಿನೆಣ್ಣೆಯ ವಾಸನೆ ಬಂತು. ಕರ್ಪೂರ, ಬೆಳ್ಳುಳ್ಳಿ, ಕಾಯಿಸಿದ ಎಳ್ಳೆಣ್ಣೆ... ನಾನು ಎದ್ದು ಬೇರೆ ಸೀಟಿಗೆ ಹೋದೆ. ಪಾಪ, ಅಜ್ಜಿ ಏನೆಂದುಕೊಂಡರೋ. ನನಗೆ ನಮ್ಮ ಎಸ್ಟೇಟಿನ ಮೆಣಸು ಕೊಯ್ಯುವವನ ನೆನಪಾಗಿತ್ತು.

ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯುವವನು. ಹಾಜರಿ ಪುಸ್ತಕ ಕೈಗೆ ಬಂದದ್ದೇ ತಲೆಗೆ ಕೊಂಬು ಬಂದಿತ್ತು. ಅವನು ನನಗಿಂತ ಹತ್ತು ವರ್ಷ ದೊಡ್ಡವನು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರಕ್ಕೆ ಒಂಟಿ ಬಿದಿರಿನ ಏಣಿ ಒರಗಿಸಿ, ತುದಿಯವರೆಗೆ ಹತ್ತಿ ಮೆಣಸು ಬಿಡಿಸುತ್ತಿದ್ದ. ಕೆಳಗಿದ್ದವರನ್ನೆಲ್ಲ ಅಲ್ಲಿಂದಲೇ ರೇಗಿಸುತ್ತಿದ್ದ.

ಒಂದು ಬೆಳಿಗ್ಗೆ ಏಣಿ ಜಾರಿತು. ಅವನ ಬಲ ಮಂಡಿ ಕಲ್ಲಿಗೆ ಬಡಿಯಿತು. ರಕ್ತ ಬರಲಿಲ್ಲ. ನಮ್ಮಲ್ಲೊಂದು ಪದ್ಧತಿಯಿತ್ತು: ಬಿದ್ದವನು ಮೂರು ಸಲ ಕುಕ್ಕರಗಾಲಲ್ಲಿ ಕೂತು ಎದ್ದರೆ ಏನೂ ಆಗಿಲ್ಲ, ಕೆಲಸಕ್ಕೆ ಹೋಗಬಹುದು. ಯಾವ ಪುಣ್ಯಾತ್ಮ ಶುರು ಮಾಡಿದ್ದೋ... ನನಗಂತೂ ಅದು ವೇದವಾಕ್ಯ.

"ಎಲ್ಲಿ, ಕೂತು ಏಳು ಮಾರಾಯ," ಎಂದೆ.

ಮೂರನೆಯ ಸಲ ಏಳುವಾಗ ಅವನ ಮುಖವೆಲ್ಲ ಬೆವರು. "ಏನೂ ಆಗಿಲ್ಲ ಕಣ್ರೀ ರೈಟ್ರೇ," ಎಂದು ನಕ್ಕ. ನಾನೂ ನಕ್ಕೆ. ಸಂಜೆಗೆ ಮಂಡಿ ತೆಂಗಿನಕಾಯಿಯಷ್ಟು ಊದಿತ್ತು. ಅವನ ಹೆಂಡತಿ ಅದೇ ನೋವಿನೆಣ್ಣೆ ಕಾಯಿಸಿ ತಿಕ್ಕಿದಳು. ಮಾರನೆಯ ದಿನ ಅವನು ಏಣಿ ಹತ್ತಿದ, ನಾನು ಹಾಜರಿ ಹಾಕಿದೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಅವನಿಗೆ ಆಳುಗಳ ಲೈನ್ ಮನೆಯ ಮೆಟ್ಟಿಲು ಹತ್ತುವುದೂ ಕಷ್ಟವಾಯಿತು. "ವಯಸ್ಸಾಗ್ಬುಡ್ತು," ಎನ್ನುತ್ತಿದ್ದ. ನಾನೂ ಹೌದೆನ್ನುತ್ತಿದ್ದೆ. ಕೊನೆಗೊಂದು ದಿನ ಜೀಪಿನಲ್ಲಿ ಸಕಲೇಶಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಎರಡೂ ಮಂಡಿಯ ಎಕ್ಸ್‌ರೇ ತೆಗೆಸಿ, ಅವನನ್ನು ಹೊರಗೆ ಕೂರಿಸಿ ನನ್ನನ್ನು ಕರೆದರು.

"ಬಲ ಮಂಡಿಗೆ ಹಿಂದೆ ಪೆಟ್ಟು ಬಿದ್ದಿತ್ತಾ?"

"ಅದು ಹತ್ತು ವರ್ಷದ ಮಾತು ಸಾರ್. ಈಗಿನದು ವಯಸ್ಸಿಗೆ..."

"ಎಡ ಮಂಡಿ ಚೆನ್ನಾಗೇ ಇದೆ ನೋಡಿ. ಅದಕ್ಕೂ ಅಷ್ಟೇ ವಯಸ್ಸಲ್ವೇನ್ರೀ?" ಎಂದರು ಡಾಕ್ಟರು. "ಅವತ್ತೇ ಒಳಗೆ ಏನೋ ಹರಿದಿರಬೇಕು. ಅದರ ಮೇಲೇ ಭಾರ ಹಾಕಿ ಹಾಕಿ ಸವೆದುಹೋಗಿದೆ. ಆಗಲೇ ತೋರಿಸಿ ಕಾಲಿಗೆ ರೆಸ್ಟ್ ಕೊಟ್ಟಿದ್ರೆ ಇಷ್ಟು ಆಗ್ತಿರಲಿಲ್ಲವೇನೋ."

ಹರಿದ ಮಂಡಿಯ ಮೇಲೆ ಅವನನ್ನು ಮೂರು ಸಲ ಕೂರಿಸಿ ಎಬ್ಬಿಸಿದವನು ನಾನು. ನಗುತ್ತಾ ಎಬ್ಬಿಸಿದ್ದೆ.

ಹೊರಗೆ ಬಂದರೆ ಅವನು ಪಕ್ಕದವರಿಗೆ ನನ್ನನ್ನು ತೋರಿಸುತ್ತಿದ್ದ. "ಇವ್ರೇ ನಮ್ಮ ರೈಟ್ರು. ಅವತ್ತು ಇವ್ರು ಕೂರ್ಸಿ ಏಳಿಸ್ದೇ ಇದ್ದಿದ್ರೆ ಕಾಲು ಅವತ್ತೇ ಹೋಗ್ಬುಡ್ತಿತ್ತು ಕಣ್ರೀ." ಆಮೇಲೆ ನನ್ನ ಕಡೆ ತಿರುಗಿ, "ಡಾಕ್ಟ್ರು ಏನಂದ್ರು?" ಎಂದ.

"ವಯಸ್ಸಂತೆ," ಎಂದೆ.

ಅವನು ತೀರಿಹೋಗಿ ಈಗ ಎಷ್ಟೋ ವರ್ಷವಾಯಿತು. ಸಂತೆಯಲ್ಲಿ ಅವನ ಹೆಂಡತಿ ಸಿಕ್ಕಾಗಲೆಲ್ಲ ಚೀಲ ಕೆಳಗಿಟ್ಟು, ಎರಡೂ ಕೈ ಜೋಡಿಸಿ ನನಗೆ ನಮಸ್ಕಾರ ಮಾಡುತ್ತಾಳೆ. ನಾನು ಇವತ್ತಿನವರೆಗೂ ಅದನ್ನು ತೆಗೆದುಕೊಳ್ಳುತ್ತಲೇ ಇದ್ದೇನೆ.